ಎರಡನೇ ಜ್ಞಾನಸ್ನಾನ

ಚನ್ನಗಿರಿ
20 ಜನವರಿ 2025

ನನ್ನ ಮಗನ ತಂದೆಯವರಿಗೆ,

ಯೇಸುವಿನ ನಾಮದಲ್ಲಿ ವಂದನೆಗಳು. ನಿಮ್ಮ ಪ್ರೊಟೆಸ್ಟೆಂಟ್ ಸಿಎಸ್‌ಐ ಸಭೆಯವರು ಹೀಗೆ ಶುರು ಮಾಡುತ್ತಾರಲ್ಲ, ನಾನೂ ಮಾಡಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಮಾತಿಗೆ ಮಾತು ಬೆಳೆಸುತ್ತೇವೆ, ಅದಕ್ಕೇ ಈ ಕಾಗದ. ಜಗಳೂರಿನಲ್ಲಿ ಒಬ್ಬರೇ ಏನು ಬೇಯಿಸಿಕೊಂಡು ತಿನ್ನುತ್ತೀರಿ ಎಂದು ಕೇಳುವುದಿಲ್ಲ. ಆದರೆ ನಾನು ತಟ್ಟೆಯ ಮುಂದೆ ಕೂತಾಗಲೆಲ್ಲ ನೆನಪಾಗುತ್ತೀರಿ.

ಮೊನ್ನೆ ಮಗುವಿಗೆ ಜ್ಞಾನಸ್ನಾನ ಮಾಡಿಸಲು ನಮ್ಮ ಫಾದರ್ ಹತ್ತಿರ ಹೋಗಿದ್ದೆ. ಹೌದು, ಅದೇ ಜಗಳ. ಹೊನ್ನಾಳಿಯಲ್ಲಿ ನಿಮ್ಮ ಅಪ್ಪ, ಸಭೆಯ ಪಾದ್ರಿ ಅಯ್ಯನವರು, ಮೊಮ್ಮಗನ ತಲೆಗೆ ನೀರು ಹಾಕಿ, ನೀವು ದೀಕ್ಷಾಸ್ನಾನ ಎನ್ನುವ ಜ್ಞಾನಸ್ನಾನ ಕೊಟ್ಟರು. ನಾನು ಕ್ಯಾಥೊಲಿಕ್ ಮನೆಯ ಮಗಳು, ಇದು ಲೆಕ್ಕಕ್ಕಿಲ್ಲ ಎಂದೆ. ಅಪ್ಪನ ಮರ್ಯಾದೆ ತೆಗೆದೆ ಎಂದು ನೀವು ಕೂಗಾಡಿದಿರಿ. ಮಗುವನ್ನೆತ್ತಿಕೊಂಡು ತವರಿಗೆ ಬಂದೆ. ಅವ್ವ ಆಗಲೇ ಮಗುವಿಗೆ ಜ್ಞಾನಸ್ನಾನದ ಬಿಳಿ ಅಂಗಿ ಹೊಲಿಸಿದ್ದಳು.

ಅಯ್ಯನವರು ನೀರು ಹಾಕಿದರೇ, ಏನು ಹೇಳಿ ಹಾಕಿದರು ಎಂದು ಫಾದರ್ ಕೇಳಿದರು. ಅವತ್ತು ಸಿಟ್ಟಿನಲ್ಲಿ ನಿಂತಿದ್ದರೂ ಎಲ್ಲ ಕೇಳಿಸಿಕೊಂಡಿದ್ದೆನಲ್ಲ. ತಂದೆಯ, ಮಗನ, ಪವಿತ್ರಾತ್ಮರ ಹೆಸರಿನಲ್ಲಿ ಎಂದು ಹೇಳಿದೆ. "ಹಂಗಾದ್ರೆ ಆಗಿಹೋಗೈತಮ್ಮ. ನಮ್ಮ ಧರ್ಮಸಭೆನೂ ಅದನ್ನ ಒಪ್ಪತೈತೆ. ಎರಡನೇ ಸಲ ಮಾಡಾಕೆ ಬರಲ್ಲ" ಎಂದರು. ಅವ್ವ ಬಿಡುತ್ತಾಳೆಯೇ? ಒಂದು ಚೂರು ನೀರು ಹಾಕಿದರೆ ನಿಮ್ಮ ಗಂಟೇನು ಹೋಗತೈತೆ ಎಂದು ಗಂಟುಬಿದ್ದಳು. "ಹುಟ್ಟಿದ ಮಗುನ ಇನ್ನೊಂದ್ಸಲ ಹೆರಾಕೆ ಆಗತೈತೇನವ್ವ?" ಎಂದು ಫಾದರ್ ನಕ್ಕರು. ಅವ್ವ ಬಿಳಿ ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ನನಗೆ ನಗು ಬರಲಿಲ್ಲ. ಸ್ನಾನ ಒಂದೇ ಆದರೆ, ಪೂಜೆಯಲ್ಲಿ ನನ್ನ ಗಂಡನೂ ನಾನೂ ಜೊತೆಯಾಗಿ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಏಕೆ ಆಗುವುದಿಲ್ಲ ಎಂದು ಕೇಳಿದೆ. ಅದಕ್ಕಿನ್ನೂ ದೂರದ ದಾರಿ ಐತೆ, ಎರಡೂ ಸಭೆಗಳ ಹಿರಿಯರು ಕೂತು ಮಾತಾಡುತ್ತಿದ್ದಾರೆ, ಅಲ್ಲಿಯ ತನಕ ಒಟ್ಟಿಗೆ ಪ್ರಾರ್ಥನೆ ಮಾಡಲು ಯಾರ ಅಡ್ಡಿಯೂ ಇಲ್ಲ ಎಂದರು ಫಾದರ್. ಆ ಹಿರಿಯರು ಮಾತು ಮುಗಿಸುವಷ್ಟರಲ್ಲಿ ನಮ್ಮ ಮಗನಿಗೆ ಮೀಸೆ ಬಂದಿರುತ್ತದೆ. ಅಲ್ಲಿಯವರೆಗೆ ನಾವು ಎರಡು ಊರಲ್ಲಿ ಎರಡು ಒಲೆ ಹೊತ್ತಿಸಿಕೊಂಡು ಕೂರಬೇಕೇ? ನನ್ನಿಂದಾಗದು. ಗಡ್ಡ ಕೆರೆಯುತ್ತಾ ನೀವು ಗುನುಗುವ ಕೀರ್ತನೆ ಇಲ್ಲಿ ಯಾರಿಗೂ ಬರುವುದಿಲ್ಲ. ನಾನು ಹಾಡಿದರೆ ಮಗು ಅಳುತ್ತದೆ.

ಬರುವ ಭಾನುವಾರ ಸಂಜೆ ನಮ್ಮ ದೇವಾಲಯದಲ್ಲಿ ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥನೆಯಿದೆ. ಎರಡೂ ಸಭೆಯವರು ಸೇರುತ್ತಾರೆ. ಬೆಳಿಗ್ಗೆ ನಿಮ್ಮ ಶಾಲೆಯಲ್ಲಿ ಗಣರಾಜ್ಯೋತ್ಸವದ ಧ್ವಜಾರೋಹಣ ಮುಗಿಸಿಯೇ ಹೊರಟರೂ ಸಮಯಕ್ಕೆ ಮುಟ್ಟುತ್ತೀರಿ. ಹೊನ್ನಾಳಿಗೆ ಹೋಗಿ ಅಪ್ಪನವರನ್ನೂ ಕರೆತನ್ನಿ. ಅವರೊಂದಿಗೆ ಮಾತಾಡುವುದನ್ನು ನಾನೇ ಎದುರಿಗೆ ಮಾತಾಡುತ್ತೇನೆ.

ಇನ್ನೂ ನಿಮ್ಮವಳೇ,
ಶೈಲಾ

ವಿ.ಸೂ.: ಫಾದರ್ ಹತ್ತಿರ ಹೋದದ್ದು ಮೊನ್ನೆಯಲ್ಲ, ಕ್ರಿಸ್ಮಸ್ಸಿಗೂ ಮುಂಚೆ. ನೀವೇ ಕರೆಯಲು ಬರುತ್ತೀರಿ ಎಂದು ಹಬ್ಬದ ದಿನವಿಡೀ ಬಾಗಿಲಲ್ಲೇ ಇದ್ದೆ. ಮಗುವಿಗೆ ಹಲ್ಲು ಬಂದಿದೆ. ಅದನ್ನೂ ನಿಮಗೆ ಹೇಳದೆ ಇಟ್ಟುಕೊಂಡಿದ್ದೆ.