ಹನ್ನೆರಡು ನಿಮಿಷದ ದಾಖಲೆ

ಬುಧವಾರ, ಬೆಳಗಿನ ಜಾವ 2.50

ಪ್ರೀತಿಯ ಅಕ್ಕ,

ಸರಿಯಾಗಿ ಎರಡೂ ನಲವತ್ತಕ್ಕೆ ಎಚ್ಚರವಾಯಿತು. ಕೆಮ್ಮು. ಒಣ ಕೆಮ್ಮು, ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಮಗುವೇ ಅಂದುಕೊಂಡು ದಡಕ್ಕನೆ ಎದ್ದೆ. ಎದ್ದ ರಭಸಕ್ಕೆ ಹೆಬ್ಬೆರಳು ತೊಟ್ಟಿಲಿನ ಕಾಲಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಮಗು ಮುಷ್ಟಿ ಬಿಗಿಹಿಡಿದುಕೊಂಡು ಗಾಢ ನಿದ್ದೆಯಲ್ಲಿತ್ತು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ, ನಗಬೇಡ, ಉಸಿರು ಬೆಚ್ಚಗಿತ್ತು. ಇವರು ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದರು. ಅಷ್ಟರಲ್ಲಿ ಮತ್ತೆ ಕೆಮ್ಮು. ಈ ಸಲ ನನ್ನ ದಿಂಬಿನ ಅಡಿಯಿಂದ.

ನೀನೇ ಅಕ್ಕ. ಹೋದ ವಾರ ಹಡಗಿನಿಂದ ಕಳಿಸಿದ ನಿನ್ನ ಧ್ವನಿ ಸಂದೇಶ. ಅದನ್ನು ಕೇಳುತ್ತ ಮಲಗಿದ್ದೆ, ತಲೆಯ ಭಾರಕ್ಕೆ ಫೋನು ತಾನಾಗಿಯೇ ಮತ್ತೆ ಶುರುವಾಗಿದೆ. "ಏ ಗೂಬೆ, ಇನ್ನೂ ಮಲಗಿಲ್ವೇನೇ? ನಾವು ಜಾಗಕ್ಕೆ ಬಂದ್ವಿ. ಸಮುದ್ರ ಸೋಮಾರಿ ಥರ ಬಿದ್ಕೊಂಡಿದೆ" ಅಂತ ಶುರುವಾಗುತ್ತದಲ್ಲ, ಅದು. ಎಪ್ಪತ್ತು ಸೆಕೆಂಡಿನಲ್ಲಿ ಒಂಬತ್ತು ಸಲ ಕೆಮ್ಮಿದ್ದೀಯ. ಎಣಿಸಿದೆ. ಏನು ಮಾಡಲಿ, ಎಣಿಸುವುದೊಂದು ಚಾಳಿಯಾಗಿಬಿಟ್ಟಿದೆ.

ನಿಮ್ಮ ಹಡಗಿನಿಂದ ಹೊರಗೆ ಫೋನ್ ಮಾಡಬಹುದೇ ಹೊರತು ಹೊರಗಿನಿಂದ ಒಳಗೆ ಬರುವುದಿಲ್ಲ ಅಂತ ಗೊತ್ತು. ಆದರೆ ಎದ್ದ ತಕ್ಷಣ ಮೇಲ್ ನೋಡುತ್ತೀನಿ ಅಂತ ನೀನು ಅಂದಿದ್ದೆ. ಅದಕ್ಕೇ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು, ಮಗುವಿಗೆ ಬೆಳಕು ಬೀಳದ ಹಾಗೆ ಬಾಗಿಲು ಓರೆ ಮಾಡಿಕೊಂಡು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದು. ನಾನು ಸುಮ್ಮಸುಮ್ಮನೆ ಗಾಬರಿ ಬೀಳುವವಳೆಂದು ನಿನಗೂ ಗೊತ್ತು, ನನಗೂ ಗೊತ್ತು. ಮಗು ಬಿಕ್ಕಳಿಸಿತು ಅಂತ ಒಂದು ಸಲ, ಬಿಕ್ಕಳಿಸುವುದು ನಿಲ್ಲಿಸಿತು ಅಂತ ಇನ್ನೊಂದು ಸಲ ನಿನ್ನನ್ನು ನಿದ್ದೆಯಿಂದ ಎಬ್ಬಿಸಿದವಳು ನಾನೇ. ಇದು ಹಾಗಲ್ಲ.

ಬಾಣಂತನದ ಆ ರಾತ್ರಿಗಳು ನಿನಗೆ ನೆನಪಿರಬೇಕು. ಎರಡು ಗಂಟೆಗೊಮ್ಮೆ ಹಾಲು. ಊರೆಲ್ಲ ಮಲಗಿರುವಾಗ ನನ್ನ ಜೊತೆ ಎಚ್ಚರವಾಗಿದ್ದದ್ದು ನಿಮ್ಮ ಕಂಪನಿಯ ನೇರ ಪ್ರಸಾರ ಒಂದೇ. ಮೊದಲ ಪರೀಕ್ಷಾ ಹಾರಾಟದ ದಿನ ಮಗು ಎದೆಗಂಟಿಕೊಂಡು ಹಾಲು ಕುಡಿಯುತ್ತಿತ್ತು, ಪರದೆಯ ಮೇಲೆ ಖಾಲಿ ಬಾಹ್ಯಾಕಾಶ ನೌಕೆಯೊಂದು ಮೂರು ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತಿತ್ತು. ಮೂರನೆಯದು ಬಿಚ್ಚಲು ತಡವಾದಾಗ ನಾನು ಉಸಿರು ಬಿಗಿಹಿಡಿದೆ, ಮಗು ಹಾಲು ಬಿಟ್ಟು ನನ್ನ ಮುಖ ನೋಡಿತು. ಆಮೇಲೆ ಸಮುದ್ರದಲ್ಲಿ ನಿಮ್ಮ ಸಣ್ಣ ದೋಣಿ. ಅದರ ಮುಂತುದಿಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಕೈಯಲ್ಲಿ ಉದ್ದ ಕೋಲು ಹಿಡಿದು ನಿಂತವಳು ನೀನು. "ನೋಡೋ, ದೊಡ್ಡಮ್ಮ!" ಅಂತ ಕೂಗಿದ್ದಕ್ಕೆ ಇವರು ಎದ್ದು ಬಂದು, "ದೊಡ್ಡಮ್ಮ ಅಲ್ಲಿ ಉಪ್ಪುನೀರಲ್ಲಿ ನೆನೀತಿದ್ದಾಳೆ, ನೀನಿಲ್ಲಿ ನಿದ್ದೆಗೆಟ್ಟು ನೆನೀತಿದ್ದೀಯ" ಅಂದರು.

ಅಲ್ಲಿಂದ ಒಂದನ್ನೂ ತಪ್ಪಿಸಿಲ್ಲ. ಎಲ್ಲ ಪರೀಕ್ಷಾ ಹಾರಾಟಗಳು, ಆಮೇಲೆ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಸರಕಿನ ನೌಕೆಗಳು ಒಂದೊಂದೇ ವಾಪಸು ಬಂದದ್ದು, ಎಲ್ಲ ನೋಡಿದ್ದೇನೆ. ಹೋಗುವಾಗ ಏನು ತುಂಬಿಕೊಂಡಿತ್ತು, ಬರುವಾಗ ಕೆಟ್ಟುಹೋದ ಪಂಪು ತಂದಿತೇ, ಪ್ರಯೋಗದ ಶೀತಲ ಪೆಟ್ಟಿಗೆ ತಂದಿತೇ, ಎಲ್ಲ ಬಾಯಿಪಾಠ. ನನ್ನಂಥ ಹುಚ್ಚರದೇ ಒಂದು ಗುಂಪಿದೆ ಅಂತ ಹೇಳಿದ್ದೆನಲ್ಲ, ನಾಲ್ಕು ಸಾವಿರ ಜನರ ಗುಂಪು. ಹೇಳದೆ ಬಿಟ್ಟದ್ದು ಒಂದಿದೆ.

ಹೋದ ಸಲ ರಜೆಯಲ್ಲಿ ಬಂದಾಗ ನೀನು ನಗುತ್ತ ಹೇಳಿದೆ: "ಅದ್ಯಾರೋ ಗಡಿಯಾರ ಅಂತೆ ಕಣೇ, ಮನೇಲಿ ಮಾಡೋಕೆ ಕೆಲಸ ಇಲ್ಲದವನು. ನಾವು ನೌಕೆಗೆ ಕೊಕ್ಕೆ ಹಾಕೋಕೆ ಎಷ್ಟು ನಿಮಿಷ ತಗೊಂಡ್ವಿ ಅಂತ ಪಟ್ಟಿ ಮಾಡ್ತಾನೆ. ನಮ್ಮ ಕ್ಯಾಪ್ಟನ್ ಅದನ್ನ ಊಟದ ಕೋಣೇಲಿ ಅಂಟಿಸಿಬಿಟ್ಟಿದ್ದಾರೆ." ನಾನು ಮಗುವಿನ ಬಟ್ಟೆ ಮಡಚುತ್ತಿದ್ದೆ. ತಲೆ ಎತ್ತಲಿಲ್ಲ.

ಗಡಿಯಾರ ನಾನೇ ಅಕ್ಕ.

ಅದು ಆಟದ ಹಾಗೆ ಶುರುವಾಯಿತು. ನೌಕೆ ನೀರು ಮುಟ್ಟಿದ ಕ್ಷಣದಿಂದ ನಿಮ್ಮ ಕೊಕ್ಕೆ ಅದರ ಬಳೆಗೆ ಸಿಕ್ಕುವ ಕ್ಷಣದವರೆಗೆ ಎಷ್ಟು ಹೊತ್ತು? ಮೊದಲ ಪರೀಕ್ಷಾ ಹಾರಾಟದಲ್ಲಿ ನಲವತ್ತೊಂದು ನಿಮಿಷ. ಮೊದಲ ಸರಕಿಗೆ ಮೂವತ್ತನಾಲ್ಕು. ಆಮೇಲೆ ಇಪ್ಪತ್ತೇಳು, ಹತ್ತೊಂಬತ್ತು. ಹೋದ ಸಲ, ಐದು ವಾರದ ಹಿಂದೆ, ಹನ್ನೆರಡು. ಪಟ್ಟಿ ಹಾಕಿದ ಪ್ರತಿ ಸಲವೂ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಿಮ್ಮ ಕಂಪನಿಯವರು ಅದನ್ನು ತಮ್ಮ ಪುಟದಲ್ಲಿ ಹಾಕಿಕೊಂಡರು. ಹೆರಿಗೆಯಾದ ಮೇಲೆ ನನ್ನ ಕೆಲಸವೊಂದನ್ನು ಯಾರಾದರೂ ಭೇಷ್ ಅಂದದ್ದು ಅದೇ ಮೊದಲು. ಹನ್ನೆರಡು ನಿಮಿಷವಾದಾಗ ಹಡಗಿನಲ್ಲಿ ಕೇಕು ಕತ್ತರಿಸಿದರು, ಈ ಸಲ ಒಂದಂಕಿಗೆ ಇಳಿಸಬೇಕು ಅಂತ ಕ್ಯಾಪ್ಟನ್ ಹಟ ಹಿಡಿದಿದ್ದಾರೆ ಅಂತ ನೀನೇ ಹೇಳಿದ್ದು.

ಈಗ ಕೇಳು. ಕೊಕ್ಕೆ ಹಾಕುವ ಮುಂಚೆ ದೋಣಿ ಗಾಳಿ ಬೀಸುವ ಕಡೆ ನಿಲ್ಲಬೇಕು, ನಿನ್ನ ಆ ಕೋಲಿನ ತುದಿಯ ಯಂತ್ರ ಗಾಳಿಯನ್ನು ಪರೀಕ್ಷಿಸಬೇಕು. ನೀವು ಅದಕ್ಕೆ ಮೂಗು ಅಂತ ಹೆಸರಿಟ್ಟಿದ್ದೀರಿ. "ಮೂಗು ಮೂರು ಸಲ ಮೂಸಬೇಕು, ಎರಡೆರಡು ನಿಮಿಷ ಬಿಟ್ಟು. ಮೂರು ಸಲವೂ ಸೊನ್ನೆ ಬಂದ್ರೆ ಮಾತ್ರ ಹತ್ರ ಹೋಗೋದು. ಇಂಧನ ಸೋರಿದ್ರೆ ಗಾಳೀನೇ ವಿಷ" ಅಂತ ನೀನು ನನಗೆ ಪಾಠ ಹೇಳಿದ್ದೆ. ಹಾಗಾದರೆ ಏನಿಲ್ಲವೆಂದರೂ ನಾಲ್ಕು ನಿಮಿಷ ನಿಲ್ಲಬೇಕು. ಹೋದ ಸಲದ ವಿಡಿಯೊವನ್ನು ಇವತ್ತು ಮತ್ತೆ ನೋಡಿದೆ, ಆರು ಸಲ. ನಿಮ್ಮ ದೋಣಿ ನಿಂತದ್ದು ನಲವತ್ತು ಸೆಕೆಂಡು. ನೀನು ಕೋಲು ಚಾಚಿದ್ದು ಒಂದೇ ಸಲ. ಆಮೇಲೆ ಹಿಂದಿನಿಂದ ಯಾರೋ ಕೈ ಬೀಸಿದರು, ದೋಣಿ ಮುಂದೆ ಹೋಯಿತು.

ನಾನು ಪಟ್ಟಿ ಮಾಡುವಾಗ ಈ ನಿಲ್ಲುವ ಹೊತ್ತಿಗೆ ಪ್ರತ್ಯೇಕ ಕಾಲಮ್ಮೇ ಹಾಕಿರಲಿಲ್ಲ. ಎಲ್ಲ ಸೇರಿಸಿ ಒಂದೇ ಅಂಕಿ. ಇಪ್ಪತ್ತೊಂಬತ್ತು ನಿಮಿಷ ಉಳಿಸಿದ್ದೀರಿ ಅಂತ ನಾವು ನಾಲ್ಕು ಸಾವಿರ ಜನ ಕುಣಿದೆವು. ಎಲ್ಲಿಂದ ಉಳಿಸಿದಿರಿ ಅಂತ ಒಬ್ಬರೂ ಕೇಳಲಿಲ್ಲ.

ಇದಿಷ್ಟೇ ಆಗಿದ್ದರೆ ಬೆಳಿಗ್ಗೆಯವರೆಗೆ ಕಾಯುತ್ತಿದ್ದೆನೇನೋ. ಆದರೆ ಇವತ್ತು ರಾತ್ರಿ ಗುಂಪಿನ ಫೋಟೋಗಳನ್ನು ಮೇಲೆ ಕೆಳಗೆ ಮಾಡುವಾಗ ಒಂದು ಕಣ್ಣಿಗೆ ಬಿತ್ತು. ನಿಮ್ಮ ಹಡಗಿನ ಅಡುಗೆಯವರು ಮೇಲಿನಿಂದ ತೆಗೆದು ಹಾಕಿದ್ದು. ನೌಕೆ ನೀರಿನಲ್ಲಿ ತೇಲುತ್ತಿದೆ, ಪಕ್ಕದಲ್ಲಿ ನೀನು ಬಗ್ಗಿ ಕೊಕ್ಕೆ ಹಾಕುತ್ತಿದ್ದೀಯ. ನಿನ್ನ ಭುಜದ ಹತ್ತಿರ, ನೌಕೆಯ ಪಕ್ಕದ ಸಣ್ಣ ಎಂಜಿನ್ನುಗಳ ಬಾಯಿಂದ ಒಂದು ಗೇಣು ಮೇಲೆ, ತೆಳುವಾದ ಕೆಂಗಂದು ಬಣ್ಣ. ಬಟ್ಟೆಯ ಮೇಲೆ ಚಹಾ ಚೆಲ್ಲಿ ಒಣಗಿದರೆ ಹೇಗೋ ಹಾಗೆ.

ಕಾಲೇಜಿನಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿದವಳು ನಾನು. ತಾಮ್ರದ ಚೂರನ್ನು ನೈಟ್ರಿಕ್ ಆಮ್ಲಕ್ಕೆ ಹಾಕಿದಾಗ ಕೊಳವೆಯಿಂದ ಎದ್ದದ್ದು ಇದೇ ಬಣ್ಣ. ಮೇಡಂ ಕಿರುಚಿಕೊಂಡು ಕಿಟಕಿಗಳನ್ನೆಲ್ಲ ತೆಗೆಸಿದ್ದರು. "ಇದು ಮೋಸದ ಅನಿಲ. ಮೊದಲು ಗಂಟಲು ಕೆರೆಯುತ್ತೆ ಅಷ್ಟೇ. ಸರಿಹೋಯ್ತು ಅಂದ್ಕೋತೀರಿ. ಎರಡು ಮೂರು ವಾರ ಬಿಟ್ಟು ಶ್ವಾಸಕೋಶಕ್ಕೆ ತಿರುಗಿಬೀಳುತ್ತೆ" ಅಂದಿದ್ದರು.

ಅದಾದ ಮೇಲೆ ರಜೆಗೆ ಬಂದಾಗ ನಿನಗೆ ಗಂಟಲು ಕೆರೆತ ಇತ್ತು. ಎಸಿಯ ಗಾಳಿಗೆ ಅಂದೆ. ನಮ್ಮ ಮನೆಯ ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ನಿಂತೆ. ಲಿಫ್ಟ್ ರಿಪೇರಿ ಮಾಡುವವನ ಮನೆಯಲ್ಲೇ ಲಿಫ್ಟ್ ಇಲ್ಲವಲ್ಲ ಅಂತ ಇವರನ್ನು ರೇಗಿಸಿದೆ, ಎಲ್ಲರೂ ನಕ್ಕೆವು. ಪ್ರತಿ ದಿನ ಹಗ್ಗದ ಏಣಿ ಹತ್ತಿ ಇಳಿಯುವವಳು ಮೂರು ಮಹಡಿಗೆ ಯಾಕೆ ನಿಂತೆ ಅಂತ ಯಾರಿಗೂ ಹೊಳೆಯಲಿಲ್ಲ.

ಈಗ ಹೋಗಿ ಇವರನ್ನು ಎಬ್ಬಿಸಿದೆ. ಫೋಟೋ ತೋರಿಸಿದೆ. ಅರ್ಧ ಕಣ್ಣು ತೆರೆದು ನೋಡಿ, "ನಿನ್ನ ಕಣ್ಣಿಗೆ ಎಲ್ಲಾ ಹೊಗೇನೇ ಕಾಣುತ್ತೆ ಮಾರಾಯ್ತಿ. ಅಲ್ಲಿ ಅಷ್ಟು ಜನ ಎಂಜಿನಿಯರ್ರು ಇದ್ದಾರೆ, ಅವರಿಗೆ ಕಾಣದ್ದು ನಿನಗೆ ಕಂಡಿತಾ? ಡಾಕ್ಟರು ಕೊಟ್ಟ ಮಾತ್ರೆ ತಗೊಂಡ್ಯಾ?" ಅಂದರು. ತಗೊಂಡಿಲ್ಲ. ತಗೊಂಡಿದ್ದರೆ ಮಲಗಿಬಿಡುತ್ತಿದ್ದೆ. ನಿಮ್ಮ ಕಂಪನಿಯ ಸಹಾಯವಾಣಿಗೂ ಮಾಡಿದೆ. ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ, ನೇರ ಪ್ರಸಾರ ಎಷ್ಟು ಹೊತ್ತಿಗೆ ಅಂತ ತಿಳಿಸಿ, ಶುಭ ದಿನ ಹಾರೈಸಿ ಇಟ್ಟಳು.

ಮೂರು ಇಪ್ಪತ್ತೈದು. ಮಗು ಎದ್ದಿತ್ತು, ಹಾಲು ಕೊಟ್ಟು ಮಲಗಿಸಿ ಬಂದೆ. ಅಷ್ಟರಲ್ಲಿ ಗುಂಪಿನಲ್ಲಿ ಸುದ್ದಿ ಬಂದಿದೆ. ಇವತ್ತು ಬೆಳಿಗ್ಗೆ ಏಳೂ ನಲವತ್ತಕ್ಕೆ ಇಳಿಯಬೇಕಿದ್ದ ನೌಕೆಯನ್ನು, ಅಲೆ ಏರುವ ಸೂಚನೆ ಇರುವುದರಿಂದ ಮೊದಲ ಅವಕಾಶಕ್ಕೇ ಇಳಿಸುತ್ತಾರಂತೆ. ಐದೂ ಐವತ್ತಕ್ಕೆ. ನಿಮ್ಮ ಕಡೆ ಆಗ ಇನ್ನೂ ಕತ್ತಲೆ. ಹಗಲಲ್ಲಾದರೆ ಆ ಬಣ್ಣ ಕಣ್ಣಿಗಾದರೂ ಕಾಣುತ್ತದೆ, ಕತ್ತಲಲ್ಲಿ ಅದೂ ಇಲ್ಲ. ಗುಂಪಿನಲ್ಲಿ ಆಗಲೇ ಊಹೆಯ ಆಟ ಶುರುವಾಗಿದೆ. ಒಬ್ಬರು ಒಂಬತ್ತು ನಿಮಿಷ, ಇನ್ನೊಬ್ಬರು ಏಳೂವರೆ. "ಗಡಿಯಾರ ಎಲ್ಲಿ? ಮಲಗಿಬಿಟ್ಟಿತಾ?" ಅಂತ ಕೇಳುತ್ತಿದ್ದಾರೆ. ಪಟ್ಟಿಯನ್ನು ಅಳಿಸಿಹಾಕಿದೆ. ಎರಡೇ ನಿಮಿಷದಲ್ಲಿ ಯಾರೋ ತಮ್ಮಲ್ಲಿದ್ದ ಪ್ರತಿಯನ್ನು ಮತ್ತೆ ಹಾಕಿದರು, "ಚಿಂತೆ ಬೇಡ, ನನ್ನ ಹತ್ತಿರ ಇದೆ" ಅಂತ.

ಇವತ್ತು ದೋಣಿಗೆ ಇಳಿಯಬೇಡ. ಹೊಟ್ಟೆನೋವು ಅನ್ನು, ತಲೆಸುತ್ತು ಅನ್ನು, ತಂಗಿಗೆ ಹುಚ್ಚು ಹಿಡಿದಿದೆ ಅಂತ ಬೇಕಾದರೂ ಹೇಳು. ಇಳಿಯಲೇಬೇಕೆಂದರೆ ಮೂಗು ಮೂರು ಸಲ ಮೂಸುವವರೆಗೆ ಯಾರು ಎಷ್ಟೇ ಕೈ ಬೀಸಲಿ, ಜಾಗ ಬಿಟ್ಟು ಕದಲಬೇಡ. ಹಡಗಿನ ಡಾಕ್ಟರಿಗೆ ಎದೆ ತೋರಿಸು. ನನ್ನ ಮೇಲೆ ಕೋಪ ಬಂದರೆ ಬರಲಿ, ಜನ್ಮವಿಡೀ ಮಾತು ಬಿಟ್ಟರೂ ಸರಿ, ಬಿಡುವುದಕ್ಕೆ ನೀನು ಇರಬೇಕು. ಹಾಗಾದರೆ ನಾಲ್ಕಕ್ಕೆ ಏಳುತ್ತೀಯ, ಐದಕ್ಕೆ ದೋಣಿ ಇಳಿಸುತ್ತಾರೆ. ನಡುವಿನ ಆ ಒಂದು ಗಂಟೆಯಲ್ಲಿ ಒಂದು ಸಲ ಫೋನ್ ಮಾಡು.

ನಿನ್ನ
ಗೂಬೆ

ಮತ್ತೆ: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಫೋಟೋ ಕಣ್ಣಿಗೆ ಬಿದ್ದದ್ದು ಇವತ್ತು ರಾತ್ರಿಯಲ್ಲ. ಹನ್ನೊಂದು ದಿನದ ಹಿಂದೆ. ಬಣ್ಣ ಏನೆಂದು ನೋಡಿದ ತಕ್ಷಣ ಗೊತ್ತಾಯಿತು. ಹೇಳಿದರೆ ಹನ್ನೆರಡು ನಿಮಿಷದ ದಾಖಲೆಗೆ ಬೆಲೆಯಿರುವುದಿಲ್ಲ, ಈ ಹೆಂಗಸಿಗೆ ನಿದ್ದೆಯಿಲ್ಲದೆ ತಲೆ ಕೆಟ್ಟಿದೆ ಅಂತ ಅಲ್ಲೂ ಅನ್ನಿಸಿಕೊಳ್ಳಬೇಕು, ಅದಕ್ಕೇ ಹೇಳದೆ ಬಿಟ್ಟೆ. ಆ ಫೋಟೋದ ಕೆಳಗೆ ಹೊಸ ಸದಸ್ಯರೊಬ್ಬರು, ಹೆಸರಿಲ್ಲ, ಮುಖವಿಲ್ಲ, ನನ್ನನ್ನೇ ಕೇಳಿದ್ದರು: "ಗಡಿಯಾರದವರೇ, ಈ ಕಂದು ಬಣ್ಣ ಲೆನ್ಸಿನ ಮೇಲಿನ ಕಲೆಯಾ, ಅಥವಾ ಗಾಳಿಯಲ್ಲೇ ಇತ್ತಾ? ಕನ್ನಡಕದೊಳಗಿಂದ ಗೊತ್ತಾಗಲ್ಲ." ನಾನು ಬರೆದೆ: "ಲೆನ್ಸಿನ ಕಲೆ. ಯೋಚನೆ ಬೇಡ." ಅವರು "ಸದ್ಯ, ಬದುಕಿದೆ" ಅಂತ ಬರೆದು ಹೊರಟುಹೋದರು. ಆಮೇಲೆ ಒಂದು ದಿನವೂ ಬಂದಿಲ್ಲ. ಕನ್ನಡಕ ಅಂದರೆ ದೋಣಿಯವರು ಹಾಕಿಕೊಳ್ಳುವ ಬಣ್ಣದ ಕನ್ನಡಕ ಅಂತ ನನಗೆ ಅರ್ಥವಾದದ್ದು ಎರಡೂ ನಲವತ್ತಕ್ಕೆ, ದಿಂಬಿನಡಿಯಿಂದ ನೀನು ಕೆಮ್ಮಿದಾಗ. ಅದು ನೀನಾ ಅಕ್ಕ? ನನ್ನ ಮಾತು ನಂಬಿಕೊಂಡು ಡಾಕ್ಟರ ಹತ್ತಿರ ಹೋಗದೆ ಹಡಗು ಹತ್ತಿದೆಯಾ? ಬೈಯುವುದಕ್ಕಾದರೂ ಮಾಡು, ಮಾತಾಡದೆ ಬರೀ ಉಸಿರಾಡಿದರೂ ಸಾಕು, ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡು.