ಸೊಟ್ಟ ಕಾಲರಿಗೆ ಸಿಕ್ಕ ಹೆಸರು ಕಲ್ಲಿಗೆ ಸಿಗಲಿಲ್ಲ

ಕಂಪನಿಯ ಆಡಳಿತ ನಿರ್ದೇಶಕರೇ,

ಗೇಟಿನ ಪಕ್ಕ ನೀವು ನಿಲ್ಲಿಸಿರುವ ಸ್ಮಾರಕದ ಕಲ್ಲಿನಲ್ಲಿ ಇರುವುದು ಒಂದೇ ಹೆಸರು. ಅದು ನಿಮ್ಮದು. ಹಳೆಯ ಕಟ್ಟಡ ಕುಸಿದು ಸತ್ತ ಇಪ್ಪತ್ತಮೂರು ಜನರಲ್ಲಿ ಒಬ್ಬರ ಹೆಸರೂ ಅದರಲ್ಲಿಲ್ಲ. 'ನಮ್ಮನ್ನು ಅಗಲಿದ ಕುಟುಂಬ ಸದಸ್ಯರಿಗೆ' ಎಂದು ಮೇಲೆ ಸಣ್ಣದಾಗಿ ಬರೆಸಿದ್ದೀರಿ. ಕೆಳಗೆ, ಅನಾವರಣ ಮಾಡಿದವರೆಂದು, ಅಂಗೈಯಗಲದ ಅಕ್ಷರಗಳಲ್ಲಿ ನೀವಿದ್ದೀರಿ. ನನಗೆ ಬರೆದು ಅಭ್ಯಾಸವಿಲ್ಲ, ಮಾತು ಮಾತ್ರ ಜಾಸ್ತಿ. ಫೋನಿಗೆ ಮಾತಾಡಿ ಕಳಿಸಿದ್ದನ್ನೆಲ್ಲ ತಂಗಿಯ ಮಗಳು ಕೂತು ಬರೆದುಕೊಟ್ಟಿದ್ದಾಳೆ. ಎಲ್ಲಾದರೂ ದಾರಿ ತಪ್ಪಿದರೆ ಅದು ನನ್ನ ಬಾಯಿಯ ತಪ್ಪು, ಅವಳ ಕೈಯದ್ದಲ್ಲ.

ಹತ್ತೊಂಬತ್ತು ವರ್ಷದಿಂದ ನಿಮ್ಮ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳನ್ನು ತಪಾಸಣೆ ಮಾಡುವವನು ನಾನು. ತಂಗಿ ಅದೇ ಮಹಡಿಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಸಾಲಿನವರ ಬಾಯಲ್ಲಿ ಅವಳು ಕಾಲರ್ ಅಕ್ಕ. ಅವಳು ಹೊಲಿದದ್ದನ್ನು ನಾನು ವಾಪಸ್ ಕಳಿಸಿದ ದಿನ ಊಟದ ಡಬ್ಬಿ ಹಿಡಿದು ನೇರ ನನ್ನ ಮೇಜಿಗೇ ಬರುತ್ತಿದ್ದಳು. "ಅಣ್ಣ ಅಂತ ಹೆಸರಿಗಾದ್ರೂ ಒಂದು ಬಿಡಬಾರ್ದಾ? ಅತ್ತಿಗೆ ನಿನ್ನ ಹೆಂಗೆ ಸಹಿಸ್ಕೋತಾರೋ." ನಾನು ಬಿಡುತ್ತಿರಲಿಲ್ಲ. ಕಂಬದಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ ಎಂದು ನಾವಿಬ್ಬರೂ ನಿಮ್ಮ ಕಚೇರಿಗೆ ಹೋಗಿ ಹೇಳಿದ್ದೆವು. ಮರುದಿನವೇ ಕ್ರಮ ಕೈಗೊಂಡಿರಿ: ಬಿರುಕಿನ ಮೇಲೆ 'ಗುಣಮಟ್ಟವೇ ನಮ್ಮ ಉಸಿರು' ಎಂಬ ಬೋರ್ಡು ಬಂತು. ಕಟ್ಟಡ ಕುಸಿದಾಗ ನಾನು ಅಂಗಳದಾಚೆ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಿದ್ದೆ. ಅವಳು ಮಿಷನ್ ಮುಂದೆ ಇದ್ದಳು.

ಆಮೇಲೆ ನಲವತ್ತು ದಿನ ನಾವು ಕೆಲಸಗಾರರು, ಸತ್ತವರ ಮನೆಯವರು ಗೇಟಿನ ಮುಂದೆ ಧರಣಿ ಕೂತೆವು. ನಲವತ್ತೊಂದನೇ ದಿನ ನೀವೇ ಕಾರಿನಿಂದಿಳಿದು ಬಂದು ನನ್ನ ಕೈ ಹಿಡಿದುಕೊಂಡಿರಿ. "ನೀವು ಹಿರಿಯರು, ನಮ್ಮೋರು. ಎಲ್ಲರನ್ನೂ ಎಬ್ಬಿಸಿ ಕರ್ಕೊಂಡು ಹೋಗಿ. ಒಬ್ಬೊಬ್ಬರ ಹೆಸರೂ ಕಲ್ಲಲ್ಲಿ ಇರುತ್ತೆ, ಇದು ನನ್ನ ಮಾತು" ಎಂದಿರಿ. ನಿಮ್ಮ ಕೈ ಬೆಚ್ಚಗಿತ್ತು, ನಂಬಿಬಿಟ್ಟೆ. ಎಲ್ಲರನ್ನೂ ಎಬ್ಬಿಸಿದವನು ನಾನು. ಇಪ್ಪತ್ತಮೂರು ಮನೆಗಳ ಬಾಗಿಲು ತಟ್ಟಿ ಹೆಸರು ಬರೆದುಕೊಂಡವನೂ ನಾನೇ. ಇಸ್ತ್ರಿ ಮಾಡುತ್ತಿದ್ದ ಹುಡುಗನ ತಾಯಿ ಚೀಟಿ ಓದಿ ಗದರಿದರು. "ಅವನಪ್ಪನ ಹೆಸರು ಬಿಟ್ಟಿದೀಯಲ್ಲಪ್ಪ, ಸೇರಿಸು. ಕಲ್ಲಲ್ಲಿ ಕೆತ್ತಿದ್ಮೇಲೆ ತಿದ್ದಕ್ಕಾಗುತ್ತಾ?" ಸೇರಿಸಿದೆ. ಆ ಪಟ್ಟಿಯನ್ನು ನಿಮ್ಮ ಕೈಗೇ ಕೊಟ್ಟೆ.

ಕಟ್ಟಡ ಕುಸಿದು ವರ್ಷ ತುಂಬಿದ ಮೇಲೆ, ಅನಾವರಣದ ದಿನ ಪರದೆ ಸರಿಯಿತು. ತಂಗಿಯ ಮಗಳು ಕಲ್ಲಿನ ಹಿಂದೆ ಹೋಗಿ ನೋಡಿದಳು, ಸುತ್ತು ಹಾಕಿ ಮುಂದೆ ಬಂದಳು, ನಿಮ್ಮ ಹೆಸರಿನ ಮೇಲೆ ಬೆರಳಿಟ್ಟಳು. "ಮಾವ, ಸತ್ತಿದ್ದು ಇವರೊಬ್ಬರೇನಾ?"

ನಾನು ಕಚೇರಿಯ ಸಿಬ್ಬಂದಿ ಅಧಿಕಾರಿಯನ್ನು ಕೇಳಿದೆ. "ಹಾಜರಿ ಪುಸ್ತಕ ಎಲ್ಲಾ ಕಟ್ಟಡದ ಕೆಳಗೇ ಹೋಯ್ತಲ್ಲ. ನಮ್ಮ ದಾಖಲೆ ಇಲ್ದೆ ಹೆಸರು ಹಾಕೋಕಾಗಲ್ಲ. ನಾಳೆ ಒಂದು ತಪ್ಪಾದ್ರೆ ಕಂಪನಿಗೆ ಕೆಟ್ಟ ಹೆಸರು" ಎಂದರು. ಇಪ್ಪತ್ತಮೂರು ಸಾವಿನಿಂದ ಬಾರದ ಕೆಟ್ಟ ಹೆಸರು, ಒಂದು ಅಕ್ಷರ ತಪ್ಪಿದರೆ ಬಂದುಬಿಡುತ್ತದೆಯೇ?

ಮುಂದಿನ ವಾರ ನನ್ನ ಮೇಜಿಗೆ ಒಂದು ಅಂಗಿ ಬಂತು. ಕಟ್ಟಡ ಕುಸಿಯುವ ನಾಲ್ಕು ದಿನ ಮೊದಲು ಹೊಲಿದದ್ದು, ಕಾಲರ್ ಸೊಟ್ಟ ಎಂದು ಅಂಗಡಿಯವರು ಹಿಂದಕ್ಕೆ ಕಳಿಸಿದ್ದು. ಪಕ್ಕದ ಹೊಲಿಗೆಯ ಒಳಗೆ ಚೀಟಿ ಇರುತ್ತದಲ್ಲ, ಅದರ ನಂಬರನ್ನು ನಿಮ್ಮ ಕಚೇರಿಯವರು ಕಂಪ್ಯೂಟರಿಗೆ ಹಾಕಿ ತಪ್ಪಿತಸ್ಥರನ್ನು ಹಿಡಿದಿದ್ದಾರೆ. ಅಂಗಿಯ ಜೊತೆಗೆ ಕಾಗದ: ತಂಗಿಯ ಪೂರ್ತಿ ಹೆಸರು, ತಂದೆಯ ಹೆಸರು, ಕೆಲಸಕ್ಕೆ ಸೇರಿದ ತಾರೀಕು, ಸಾಲು, ಮಿಷನ್ ನಂಬರು. ಒಂದಕ್ಷರ ತಪ್ಪಿಲ್ಲ. ಕೊನೆಯಲ್ಲಿ ಒಂದು ಸೂಚನೆ: 'ಹೊಲಿದವರ ಸಹಿ ಪಡೆದು ಮೂರು ದಿನದೊಳಗೆ ಹಿಂದಿರುಗಿಸುವುದು.'

ಎಲ್ಲಿಗೆ ಹೋಗಿ ಪಡೆಯಲಿ ಹೇಳಿ. ಕಾಲರ್ ಕೂದಲೆಳೆಯಷ್ಟು ಸರಿದರೆ ವರ್ಷದ ಮೇಲೂ ಹೊಲಿದವಳನ್ನು ಹುಡುಕಿ ತೆಗೆಯಬಲ್ಲ ನಿಮಗೆ, ಅವಳು ನಿಮ್ಮ ಛಾವಣಿಯ ಕೆಳಗೆ ಸತ್ತಾಗ ಮಾತ್ರ ಅವಳು ಯಾರೆಂದು ಗೊತ್ತಾಗಲಿಲ್ಲವೇ? ಕುಟುಂಬ ಸದಸ್ಯರು ಎಂದಿರಿ. ಯಾವ ಮನೆಯಲ್ಲಿ ಮನೆಯವರ ಹೆಸರಿಗೆ ದಾಖಲೆ ಕೇಳುತ್ತಾರೆ?

ಈಗ ಬೀದಿಯಲ್ಲಿ ಆ ಇಸ್ತ್ರಿ ಹುಡುಗನ ತಾಯಿ ಎದುರಾದರೆ ನಾನು ಪಕ್ಕದ ಓಣಿಗೆ ತಿರುಗಿಬಿಡುತ್ತೇನೆ. ನೀವು ಮಾತು ತಪ್ಪಿದಿರಿ, ತಲೆ ತಪ್ಪಿಸಿಕೊಂಡು ಓಡಾಡುತ್ತಿರುವವನು ನಾನು.

ನನ್ನ ಬೇಡಿಕೆ ಸಣ್ಣದು. ಆ ಪಟ್ಟಿ ನಿಮ್ಮ ಬಳಿಯಿದೆ, ಕಂಪ್ಯೂಟರಿನಲ್ಲೂ ಇದೆ. ಕುಸಿದ ದಿನ ಮತ್ತೆ ಬರುವುದರೊಳಗೆ ಇಪ್ಪತ್ತಮೂರು ಹೆಸರನ್ನೂ ಕೆತ್ತಿಸಿ. ಜಾಗ ಸಾಲದಿದ್ದರೆ ನಿಮ್ಮ ಹೆಸರನ್ನು ಉಜ್ಜಿಸಿ ತೆಗೆಯಿರಿ, ಅಲ್ಲೇ ಹತ್ತು ಜನ ಹಿಡಿಸುತ್ತಾರೆ.

ಆ ಅಂಗಿಯ ಮೇಲೆ ಪಾಸಾದ ಮುದ್ರೆ ನನ್ನದು. ಕಾಲರ್ ಸೊಟ್ಟಗಿದ್ದದ್ದು ಅವತ್ತೇ ಕಂಡಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲ, ಹೋಗಲಿ ನನ್ನ ತಂಗಿ ಎಂದು ಬಿಟ್ಟಿದ್ದೆ. ಅದಕ್ಕೇ ಹೊಲಿದವರ ಸಹಿಯ ಜಾಗದಲ್ಲಿ ನನ್ನ ಹೆಸರು ಬರೆದು, ಸಹಿ ಮಾಡಿ, 'ತಪ್ಪು ನನ್ನದು' ಎಂದು ಸೇರಿಸಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಮೂರು ದಿನವೂ ಹಿಡಿಯಲಿಲ್ಲ.

ಇಂತಿ,
ನಿಮ್ಮ ಮಾತನ್ನೂ ತಪಾಸಣೆ ಮಾಡದೆ ಪಾಸು ಮಾಡಿದ,
ಕಾಲರ್ ಅಕ್ಕನ ಅಣ್ಣ