ಒಂಬತ್ತೂವರೆಗೆ ಬಂದ ಸಾವಿನ ಸುದ್ದಿ

ಐಜಾಲ್
ಡಿಸೆಂಬರ್ ೧೪

ಅಕ್ಕರೆಯ ಥಾಂಗಿ ಅಕ್ಕ,

ನಾಲ್ಕು ಮನೆ ಆಚೆ ಇರುವವಳಿಗೆ ಕಾಗದ ಬರೆಯುವುದು ನಗೆಪಾಟಲೇ. ಆದರೆ ನಿನ್ನ ಬಾಗಿಲನ್ನು ಎರಡು ಸಲ ತಟ್ಟಿದೆ, ನೀನು ತೆರೆಯಲಿಲ್ಲ. ಕಾಗದಕ್ಕೆ ಬಾಗಿಲು ಬೇಡ, ಸಂದು ಸಾಕು.

ನಿನ್ನ ಯಜಮಾನರು ಲಿಯಾನ ಸೋತದ್ದು, ನಮ್ಮವರು ಗೆದ್ದು ಮಂತ್ರಿಯಾದದ್ದು ನಮ್ಮಿಬ್ಬರ ಕೈಮೀರಿದ ವಿಷಯ. ನಮ್ಮ ಪಕ್ಷಕ್ಕೆ ನಲವತ್ತರಲ್ಲಿ ಮೂವತ್ತಾರು ಸ್ಥಾನ! ಇಷ್ಟು ದೊಡ್ಡ ಗೆಲುವಿನಲ್ಲಿ ಗೆದ್ದವನ ಜಾಣತನ ಎಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ, ಅವನೊಬ್ಬನನ್ನು ಬಿಟ್ಟು. ಪ್ರಮಾಣವಚನದ ದಿನ ನಮ್ಮ ಕೇರಿಯವರದು ಹೊಸ ಸೂಟು, ಹೊಸ ಬೂಟು, ಬಸ್ಸಿನಲ್ಲಿ ಮುಂದಿನ ಸೀಟು. ಹೋದ ತಿಂಗಳು ನಿಮ್ಮ ಬಾವುಟ ಹಿಡಿದಿದ್ದ ದರ್ಜಿ ಜುವಾಲ, "ಮಂತ್ರಿಗಳನ್ನ ಚಿಕ್ಕಂದಿನಲ್ಲಿ ಎತ್ತಿ ಆಡಿಸಿದೋನು ನಾನು" ಎಂದ. ನಮ್ಮವರು ಅವನಿಗಿಂತ ಆರು ವರ್ಷ ದೊಡ್ಡವರು.

ಅದೇ ಬೆಳಿಗ್ಗೆ ನಿಮ್ಮತ್ತೆ ತೀರಿಕೊಂಡರು. ಆರಕ್ಕೇ ಜೀವ ಹೋದರೂ ಕೇರಿಯ ಮೈಕು ಕೂಗಿದ್ದು ಒಂಬತ್ತೂವರೆಗೆ, ನಾಲ್ಕು ಬಸ್ಸುಗಳು ರಾಜಭವನಕ್ಕೆ ಹೊರಟ ಮೇಲೆ. ಕರೆಂಟು ಕೈಕೊಟ್ಟಿತ್ತು ಎಂದು ಮೈಕು ನೋಡಿಕೊಳ್ಳುವ ಕೇರಿ ಸಂಘದ ಕಾರ್ಯದರ್ಶಿ ಹೇಳಿದನಂತೆ. ಸಾವಿನ ಸುದ್ದಿ ಕೂಗಿದ ಮೇಲೆ ನಮ್ಮಲ್ಲಿ ಯಾರು ತಾನೇ ಸಂಭ್ರಮಕ್ಕೆ ಹೋದಾರು? ಗಂಡಸರು ಗುದ್ದಲಿ ಹಿಡಿದು ಗುಂಡಿ ತೋಡಲು, ಹೆಂಗಸರು ಚಹಾದ ಕೆಟಲು ಹಿಡಿದು ಸಾವಿನ ಮನೆಗೆ. ಯಾವ ಪಕ್ಷ ಎಂದು ಕೇಳುವವರಿಲ್ಲ. ಆದರೆ ಅಂದು ನಿನ್ನ ಅಂಗಳದಲ್ಲಿದ್ದವರು ಏಳು ಜನ ಮುದುಕರು. ಗುಂಡಿ ತೋಡಿದವರೂ ಅವರೇ.

ಸಂಜೆ ನಾವೆಲ್ಲ ಓಡಿಬಂದಾಗ ನೀನು ಹೊಸ್ತಿಲಲ್ಲಿ ನಿಂತು, "ಸೋತೋರ ಮನೆ ಹೆಣಕ್ಕೆ ಹೆಗಲಿಲ್ಲ ಅಂತ ಗೊತ್ತಾಯ್ತು ಬಿಡ್ರಮ್ಮ. ಹೋಗಿ, ನಿಮ್ಮ ಔತಣ ಆರಿಹೋಗುತ್ತೆ" ಎಂದೆ. ಈಗ ಮನೆ ಮಾರಿ ಚಂಫಾಯಿಗೆ ಹೊರಟಿದ್ದೀಯಂತೆ.

ಬೇಡ ಅಕ್ಕ. ಕೇರಿ ನಿನ್ನನ್ನು ಬಿಟ್ಟಿಲ್ಲ, ಅದಕ್ಕೆ ಗೊತ್ತೇ ಇರಲಿಲ್ಲ. ನಮ್ಮವರು ಕೂಡ ಮರುದಿನ, "ಮೊದಲೇ ತಿಳಿದಿದ್ರೆ ಒಬ್ಬನೇ ಹೋಗಿ ಪ್ರಮಾಣ ಮಾಡಿ ಬಂದು ಗುದ್ದಲಿ ಹಿಡೀತಿದ್ದೆ. ಲಿಯಾನನ ತಾಯಿ ಕಣೇ, ನಂಗೂ ಅನ್ನ ಹಾಕಿದೋಳು" ಎಂದು ತಟ್ಟೆ ಸರಿಸಿ ಎದ್ದುಹೋದರು. ನಾನು ತಟ್ಟೆ ತೊಳೆದಿಟ್ಟೆ.

ಇಪ್ಪತ್ತು ವರ್ಷ ಚರ್ಚಿನ ಹಾಡಿನ ಮೇಳದಲ್ಲಿ ಪಕ್ಕಪಕ್ಕ ನಿಂತಿದ್ದೇವೆ. ನಾನು ಶ್ರುತಿ ತಪ್ಪಿದಾಗೆಲ್ಲ ನೀನು ಮೊಣಕೈಯಲ್ಲಿ ತಿವಿದಿದ್ದೀಯ. ನೀನು ಹೋದರೆ ನನ್ನನ್ನು ತಿವಿಯುವವರು ಯಾರು? ಮಂತ್ರಿಯ ಹೆಂಡತಿಯನ್ನು ಇನ್ನು ಯಾರೂ ತಿವಿಯುವುದಿಲ್ಲ.

ನಿನ್ನ ತಂಗಿ,
ಸಿಯಾಮಿ

ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಅಂದು ಕರೆಂಟು ಹೋಗಿರಲಿಲ್ಲ. ಬಸ್ಸುಗಳಿಗೆ ಜನ ಕೂಡಿಸಿದವಳು ನಾನೆಂದು ಕಾರ್ಯದರ್ಶಿ ಆರೂವರೆಗೆ ನನಗೇ ಫೋನ್ ಮಾಡಿದ: "ಈಗಲೇ ಕೂಗಿಸಲಾ ಅಮ್ಮಾ? ಬಸ್ಸೆಲ್ಲ ಖಾಲಿ ಹೋಗ್ತಾವೆ." ಖಾಲಿ ಬಸ್ಸು ನನ್ನ ಕಣ್ಣ ಮುಂದೆ ಬಂತು, ನಿಮ್ಮತ್ತೆಯ ಮುಖ ಬರಲಿಲ್ಲ. "ಬಸ್ಸು ಹೊರಡಲಿ" ಎಂದೆ. ಬುಧವಾರ ಹೆಂಗಸರ ಪ್ರಾರ್ಥನೆಯಲ್ಲಿ ಎದ್ದು ನಿಂತು ಇದನ್ನೇ ಹೇಳುತ್ತೇನೆ. ನಮ್ಮವರಿಗೆ ಇನ್ನೂ ಗೊತ್ತಿಲ್ಲ. ನಿನಗೇ ಮೊದಲು ತಿಳಿಯಬೇಕಿತ್ತು.